ಲ್ಯಾಬಿಗೊಂದು ಕೆಟ್ಟ ಕಾರು ಬೇಕು

ಹಾಸ್ಟೆಲ್ ಹಿಂದೆ ಹೊಂಗೆ ಮರದ ಕೆಳಗೆ ನಿಂತಿರೋ ಬಿಳಿ ಮಾರುತಿ 800 ನೋಡಿ ನೀವೆಲ್ಲ ನಕ್ಕಿದ್ದೀರಿ, ನಮಗೆ ಗೊತ್ತು. ಅದರ ಹಿಂದಿನ ಗಾಜಿನ ಧೂಳಿನಲ್ಲಿ ‘ನನ್ನನ್ನು ಗುಜರಿಗೆ ಹಾಕಿ’ ಅಂತ ಬೆರಳಲ್ಲಿ ಬರೆದವರು ಯಾರು ಅನ್ನೋದೂ ಗೊತ್ತು. ಬರೆದವರಿಗೆ ಒಂದೇ ಮಾತು: ‘ನನ್ನನ್ನು’ ಅನ್ನೋದರಲ್ಲಿ ಎರಡು ಒತ್ತು ಬರುತ್ತೆ, ನೀವು ಒಂದೇ ಹಾಕಿದ್ರಿ.

ಆ ಕಾರು ನಮ್ಮದು. ನಾವು ನಾಲ್ಕು ಜನ: ಇಬ್ಬರು ಮೆಕ್ಯಾನಿಕಲ್, ಒಬ್ಬ ಇಸಿ, ಒಬ್ಬಳು ಸಿಎಸ್. 1998ರ ಮಾಡೆಲ್, ಅಂದ್ರೆ ನಮ್ಮೆಲ್ಲರಿಗಿಂತ ಏಳೆಂಟು ವರ್ಷ ದೊಡ್ಡದು. ನಮ್ಮಲ್ಲೊಬ್ಬನ ಸೋದರಮಾವ ಅದನ್ನ 28,000 ರೂಪಾಯಿಗೆ ಕೊಟ್ಟರು, ತಲೆಗೆ 7,000. ಎಫ್‌ಸಿ ಮಾಡಿಸಿತ್ತು, ಇನ್ಶೂರೆನ್ಸ್ ಇತ್ತು. ರಿಪೇರಿ ಕಲಿಯಬೇಕು ಅನ್ನೋ ಘನ ಉದ್ದೇಶ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಭಾನುವಾರ ಸಕಲೇಶಪುರದ ಕಡೆ ತಿರುಗೋಕೆ ಒಂದು ಗಾಡಿ ಬೇಕಿತ್ತು, ಅಷ್ಟೇ.

ಒಂದು ವರ್ಷ ಆಯ್ತು. ಈ ವರ್ಷದಲ್ಲಿ ಆ ಕಾರು ಕಲಿಸಿದ್ದನ್ನ ನಾವು ಕೂತ ಯಾವ ಲ್ಯಾಬೂ ಕಲಿಸಲಿಲ್ಲ ಅನ್ನೋದು ನಮ್ಮ ಅಭಿಪ್ರಾಯ. ಇದು ಮೇಷ್ಟ್ರುಗಳ ಮೇಲಿನ ದೂರು ಅಂದ್ಕೋಬೇಡಿ. ಲ್ಯಾಬಿನಲ್ಲಿ ಎಲ್ಲವೂ ಸರಿಯಾಗಿರುತ್ತೆ, ಅದೇ ತೊಂದರೆ. ಮಷೀನು ಸರಿಯಾಗಿ ಓಡುತ್ತೆ, ಉತ್ತರ ಮೊದಲೇ ಗೊತ್ತಿರುತ್ತೆ, ನಾವು ಉತ್ತರದಿಂದ ಹಿಂದಕ್ಕೆ ನಡ್ಕೊಂಡು ಬಂದು ರೀಡಿಂಗ್ ಬರೀತೀವಿ. ಕೆಟ್ಟಿರೋ ವಸ್ತುವೊಂದನ್ನ ನಮ್ಮ ಮುಂದಿಟ್ಟು ‘ಏನಾಗಿದೆ ಹೇಳಿ’ ಅಂತ ಯಾರೂ ಕೇಳಿಲ್ಲ. ಕೇಳಿದ್ದು ಈ ಕಾರು ಒಂದೇ.

ಮೊದಲ ಪಾಠ: 2,300 ರೂಪಾಯಿ ದಂಡ

ಮಾರುತಿ 800 ಬಗ್ಗೆ ನಿಮಗೆ ಗೊತ್ತಿರೋದೇ. 1983ರ ಡಿಸೆಂಬರ್‌ನಲ್ಲಿ ಮೊದಲ ಕಾರು ಗ್ರಾಹಕರ ಕೈ ಸೇರಿತು, 2014ರ ಜನವರಿಯಲ್ಲಿ ಉತ್ಪಾದನೆ ನಿಂತಿತು. ನಮ್ಮಪ್ಪಂದಿರ ಕಾಲದಲ್ಲಿ ‘ಕಾರು ತಗೊಂಡ್ರು’ ಅಂದ್ರೆ ಹೆಚ್ಚಾಗಿ ಇದೇ. ಮೂರು ಸಿಲಿಂಡರ್, 796 ಸಿಸಿ. ನಮ್ಮದು ಕಾರ್ಬ್ಯುರೇಟರ್ ಗಾಡಿ, ಎಂಜಿನ್ ನೋಡ್ಕೊಳ್ಳೋಕೆ ಒಳಗೆ ಕಂಪ್ಯೂಟರ್ ಇಲ್ಲ. ಬಾನೆಟ್ ಎತ್ತಿದ್ರೆ ನೆಲ ಕಾಣುವಷ್ಟು ಜಾಗ, ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಬೆರಳಿಟ್ಟು ಹಿಂಬಾಲಿಸಬಹುದು. ಕಲಿಯೋರಿಗೆ ಇದಕ್ಕಿಂತ ಒಳ್ಳೆ ಪುಸ್ತಕ ಇಲ್ಲ.

ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಹೊತ್ತು ಗಾಡಿ ಸ್ಟಾರ್ಟ್ ಆಗೋದು ನಿಂತಿತು. ಸೆಲ್ಫ್ ಹೊಡೆದ್ರೆ ಮುಲುಗುತ್ತಾ ನಿಧಾನ ತಿರುಗೋದು, ಆಮೇಲೆ ಸುಮ್ಮನಾಗೋದು. ನಾವು ಎಂಜಿನಿಯರಿಂಗ್ ಓದೋರಲ್ವಾ, ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿ ಮೂರು ಸ್ಪಾರ್ಕ್ ಪ್ಲಗ್ ಬದಲಾಯಿಸಿದ್ವಿ. ಆಗಲಿಲ್ಲ. ಇಗ್ನಿಷನ್ ಕಾಯಿಲ್ ಬದಲಾಯಿಸಿದ್ವಿ. ಆಗಲಿಲ್ಲ. ಇಸಿಯವನು ಮಲ್ಟಿಮೀಟರ್ ತಂದು ಬ್ಯಾಟರಿ ನೋಡಿದ: 12.5 ವೋಲ್ಟ್, ಪರವಾಗಿಲ್ಲ. ವೈರುಗಳ ಕಂಟಿನ್ಯುಟಿ ನೋಡಿದ, ಎಲ್ಲ ಕಡೆ ಬೀಪ್ ಅಂತು. ‘ಎಲೆಕ್ಟ್ರಿಕಲ್ ಪರ್ಫೆಕ್ಟ್ ಆಗಿದೆ’ ಅಂತ ಸರ್ಟಿಫಿಕೇಟ್ ಕೊಟ್ಟ. ಅಷ್ಟೊತ್ತಿಗೆ 2,300 ರೂಪಾಯಿ ಖಾಲಿ.

ಕೊನೆಗೆ ತಳ್ಳಿಕೊಂಡು ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಿಗೆ ಹೋದ್ವಿ. ಅಲ್ಲಿನ ಅಣ್ಣ ಬಾನೆಟ್ಟನ್ನೂ ಎತ್ತಲಿಲ್ಲ. “ಹೆಡ್‌ಲೈಟ್ ಹಾಕು. ಈಗ ಸೆಲ್ಫ್ ಹೊಡಿ” ಅಂದ್ರು. ಹೊಡೆದ್ವಿ. ಎಂಜಿನ್ ಮುಲುಗಿತು, ಲೈಟು ಮಾತ್ರ ಹಾಗೇ ಝಗ್ ಅಂತ ಉರೀತಿತ್ತು. “ಬ್ಯಾಟ್ರಿ ವೀಕಾಗಿದ್ರೆ ಲೈಟು ಮಂಕಾಗ್ಬೇಕಿತ್ತು. ಆಗ್ಲಿಲ್ಲ. ಅಂದ್ರೆ ಬ್ಯಾಟ್ರಿಲಿ ಕರೆಂಟ್ ಐತೆ, ಸೆಲ್ಫ್‌ಗೆ ಹೋಗ್ತಿಲ್ಲ. ಎಂಜಿನ್ ಅರ್ತ್ ನೋಡ್ರಪ್ಪ.” ನೋಡಿದ್ರೆ ಬ್ಯಾಟರಿಯಿಂದ ಎಂಜಿನ್ನಿಗೆ ಬರೋ ಅರ್ತ್ ವೈರಿನ ತುದಿ ಹಸಿರು ಕಟ್ಟಿ ಕೂತಿತ್ತು. ಬಿಚ್ಚಿ, ಉಪ್ಪು ಕಾಗದದಲ್ಲಿ ಉಜ್ಜಿ, ಬಿಗಿದ್ವಿ. ಒಂದೇ ಏಟಿಗೆ ಸ್ಟಾರ್ಟ್. ಅಣ್ಣ ದುಡ್ಡು ತಗೊಳ್ಳಲಿಲ್ಲ, ಟೀ ಕುಡಿಸಿ ಅಂದ್ರು.

ಆವತ್ತು ರಾತ್ರಿ ನಾವು ನಾಲ್ವರೂ ಕೂತು ಲೆಕ್ಕ ಹಾಕಿದ್ವಿ. ಸೆಲ್ಫ್ ಮೋಟರ್ ತಿರುಗುವಾಗ 100 ಆಂಪಿಯರ್‌ನಷ್ಟು ಎಳೆಯುತ್ತೆ ಅಂದ್ಕೊಳ್ಳಿ. ದಾರಿಯಲ್ಲಿ ಬರೀ 0.02 ಓಮ್ ಅಡ್ಡಿ ಇದ್ರೂ ಅಲ್ಲೇ 2 ವೋಲ್ಟ್ ಹೋಯ್ತು. ನಮ್ಮ ಮಲ್ಟಿಮೀಟರ್‌ನ ಎರಡು ತಂತಿಗಳದ್ದೇ 0.2 ಓಮ್ ಇದೆ, ಅದಕ್ಕೆ 0.02 ಎಲ್ಲಿಂದ ಕಾಣಬೇಕು? ಅದು ಬೀಪ್ ಅಂದಿದ್ದು ಸುಳ್ಳಲ್ಲ. ನಾವು ಕೇಳಿದ ಪ್ರಶ್ನೆಯೇ ತಪ್ಪು. ಕರೆಂಟ್ ಹರಿಯದೇ ಇರುವಾಗ ಅಳೆದು ‘ಸರಿ ಇದೆ’ ಅಂದ್ವಿ, ಅಣ್ಣ ಕರೆಂಟ್ ಹರಿಯುವಾಗ ನೋಡಿದ್ರು. ಓಮ್‌ನ ನಿಯಮ ನಾವು ಹೈಸ್ಕೂಲಿನಿಂದ ಓದ್ತಿದ್ದೀವಿ, ಸಿಇಟಿಯಲ್ಲಿ ಅದರ ಮೇಲೆ ಮಾರ್ಕ್ಸ್ ತಗೊಂಡಿದ್ದೀವಿ. ಅದು ಒಂದು ಹಸಿರುಗಟ್ಟಿದ ಬೋಲ್ಟಿನಲ್ಲಿ ಕೂತಿರುತ್ತೆ ಅಂತ ಗೊತ್ತಾಗೋಕೆ 2,300 ರೂಪಾಯಿ ಬೇಕಾಯ್ತು.

ಹೆಂಗ್ ಶಬ್ದ ಬರ್ತೈತೆ?

ಗ್ಯಾರೇಜಿಗೆ ಹೋಗೋದು ಅಭ್ಯಾಸ ಆದಮೇಲೆ ಇನ್ನೊಂದು ವಿಷಯ ಗೊತ್ತಾಯ್ತು: ನಮಗೆ ಮಾತು ಬರಲ್ಲ. ನಾವೆಲ್ಲ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ‘ಡಿಟೊನೇಷನ್’ ಅನ್ನೋ ಪದದ ಡೆಫಿನಿಷನ್ ಗೊತ್ತು. ಆದರೆ ಫೋನಿನಲ್ಲಿ ಅಣ್ಣ “ಹೆಂಗ್ ಶಬ್ದ ಬರ್ತೈತೆ?” ಅಂತ ಕೇಳಿದಾಗ “ಒಂಥರಾ ನಾಯ್ಸ್ ಅಣ್ಣ” ಅಂತಿದ್ವಿ. “ಒಂಥರಾ ಅಂದ್ರೆ? ಟಿಕ್ ಅಂತದಾ, ಕಟಕಟ ಅಂತದಾ, ಕೊರ್ರ್ ಅಂತದಾ?”

ಇದು ತಮಾಷೆ ಅಲ್ಲ. ಸೆಲ್ಫ್ ಹೊಡೆದಾಗ ಒಂದೇ ಸಲ ‘ಟಿಕ್’ ಅಂದು ಸುಮ್ಮನಾದ್ರೆ ಅಣ್ಣ ಮೊದಲು ನೋಡೋದು ಸೊಲೆನಾಯ್ಡ್. ಬಡಬಡ ‘ಕಟಕಟಕಟ’ ಅಂದ್ರೆ ಬ್ಯಾಟರಿ. ಗಾಡಿ ಶುರುವಾದ ಕೂಡಲೇ ‘ಕೀಂಯ್’ ಅಂತ ಕಿರುಚಿ ಆಮೇಲೆ ನಿಂತರೆ ಫ್ಯಾನ್ ಬೆಲ್ಟ್ ಸಡಿಲ. ಗಾಡಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದ್ರೆ ‘ಟಿಣಟಿಣ’ ಅಂದ್ರೆ ಟೈಮಿಂಗ್ ಹೆಚ್ಚುಕಮ್ಮಿ. ನಾವು ಓದಿದ ಆ ಡಿಟೊನೇಷನ್ ಅಂದ್ರೆ ಇದೇ ಟಿಣಟಿಣ. ಹತ್ತನೇ ಕ್ಲಾಸಿನಲ್ಲಿ ‘ಅನುಕರಣಾವ್ಯಯಕ್ಕೆ ಎರಡು ಉದಾಹರಣೆ ಕೊಡಿ’ ಅಂತ ಒಂದು ಮಾರ್ಕಿಗೆ ಬರ್ತಿತ್ತು. ಪಟಪಟ, ಧಗಧಗ ಅಂತ ಬರೆದು ಬಿಟ್ವಿ. ಆ ಪದಗಳು ಕೆಲಸದ ಸಾಮಾನು ಅಂತ, ಒಂದು ಸ್ಪ್ಯಾನರ್ ಇದ್ದ ಹಾಗೆ ಅಂತ, ನಮಗೆ ಆಗ ಯಾರೂ ಹೇಳಲಿಲ್ಲ. ಈಗ ಸಿಎಸ್‌ನವಳು ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡ್ತಿದ್ದಾಳೆ: ಶಬ್ದ, ಯಾವಾಗ ಬಂತು, ಕಾರಣ ಏನಾಗಿತ್ತು. ಇಪ್ಪತ್ತಾರು ಆಗಿವೆ. ಕನ್ನಡ ಸಂಘಕ್ಕೆ ಬಂದು ನಾವು ಮಾಡಿದ ಅತಿ ಉಪಯೋಗದ ಕೆಲಸ ಇದೇ ಇರಬೇಕು.

ನಮ್ಮ ತಪ್ಪಿನ ಕಥೆ

ಇಲ್ಲಿವರೆಗೆ ಹೇಳಿದ್ದು ಸಿಹಿ. ಇನ್ನೊಂದನ್ನ ಹೇಳಲೇಬೇಕು, ಯಾಕಂದ್ರೆ ಇದರಲ್ಲಿ ಕಾರಿನ ತಪ್ಪು ಇಲ್ಲ.

ಫೆಬ್ರವರಿಯ ಒಂದು ಭಾನುವಾರ ಸಕಲೇಶಪುರದಿಂದ ಹಾಸನಕ್ಕೆ ವಾಪಸ್ ಬರ್ತಿದ್ವಿ. ಬಾಳ್ಳುಪೇಟೆ ಹತ್ತಿರ ಟೆಂಪರೇಚರ್ ಮುಳ್ಳು ಮೇಲೇಳೋಕೆ ಶುರುವಾಯ್ತು. ರೇಡಿಯೇಟರ್ ನೀರು ನೋಡಿ ಎರಡು ತಿಂಗಳಾಗಿತ್ತು. ಒಬ್ಬಳು ‘ನಿಲ್ಸೋಣ’ ಅಂದಳು. ಉಳಿದ ಮೂವರು ‘ಬೆಳಿಗ್ಗೆ ಇಂಟರ್ನಲ್ಸ್ ಇದೆ, ಹೋಗ್ಬಿಡೋಣ’ ಅಂದ್ವಿ. ಬಹುಮತ ಗೆದ್ದಿತು. ಹಾಸನ ಇನ್ನೂ ಎಂಟು ಕಿಲೋಮೀಟರ್ ಇರುವಾಗ ಗಾಡಿ ಎಳೆಯೋದೇ ಬಿಟ್ಟಿತು, ಕಟಕಟ ಅಂದು ನಿಂತಿತು. ಬಾನೆಟ್‌ನಿಂದ ಹೊಗೆ.

ನಮ್ಮಲ್ಲೊಬ್ಬ ಟವೆಲ್ ಸುತ್ಕೊಂಡು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. ಪಕ್ಕದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿದ ಯಜಮಾನರೊಬ್ಬರು “ಏಯ್, ಮುಟ್ಬ್ಯಾಡ!” ಅಂತ ಕೂಗಿದ್ರು. ಆ ಕೂಗಿಗೆ ಅವನು ಕೈ ತೆಗೆದ. ಆ ಮುಚ್ಚಳ ಪ್ರೆಶರ್ ಕುಕ್ಕರಿನ ವೆಯ್ಟ್ ಇದ್ದ ಹಾಗೆ, ಒಳಗಿನ ನೀರನ್ನ ಒತ್ತಡದಲ್ಲಿ ಹಿಡಿದಿಟ್ಟಿರುತ್ತೆ. ಅದಕ್ಕೇ ನೀರು 100 ಡಿಗ್ರಿ ದಾಟಿದ್ರೂ ಕುದಿಯದೆ ಇರುತ್ತೆ. ಬಿಸಿಯಲ್ಲಿ ತೆಗೆದ್ರೆ ಒತ್ತಡ ಒಮ್ಮೆಗೇ ಇಳಿದು ನೀರು ಕುದ್ದು ಆವಿಯ ಜೊತೆ ಮುಖಕ್ಕೆ ಚಿಮ್ಮುತ್ತೆ. ಸ್ಯಾಚುರೇಷನ್ ಟೆಂಪರೇಚರ್ ಬಗ್ಗೆ ನಮ್ಮ ಇಬ್ಬರು ಮೆಕ್ಯಾನಿಕಲ್‌ನವರು ಮರುದಿನ ಬೆಳಿಗ್ಗೆ ಇಂಟರ್ನಲ್ಸ್ ಬರೆಯೋರಿದ್ರು. ಟ್ರ್ಯಾಕ್ಟರ್ ಯಜಮಾನರು ಬರೆಯೋರಿರಲಿಲ್ಲ. ಆ ಹುಡುಗನ ಮುಖ ಉಳಿಸಿದ್ದು ಅವರು.

ಗ್ಯಾರೇಜಿನಲ್ಲಿ ಆಯಿಲ್ ಕಡ್ಡಿ ಎಳೆದು ನೋಡಿದ್ರೆ ಎಣ್ಣೆ ಹಾಲು ಬೆರೆಸಿದ ಕಾಫಿ ಬಣ್ಣ. ನೀರು ಎಣ್ಣೆ ಸೇರಿತ್ತು, ಅಂದ್ರೆ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಈ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣ, ಮೇಲಿನ ಹೆಡ್ ಅಲ್ಯೂಮಿನಿಯಂ. ಅದೇ ಬಿಸಿಗೆ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ಹಿಗ್ಗೋಕೆ ಬೋಲ್ಟುಗಳು ಬಿಡಲ್ಲ, ಹೆಡ್ಡು ಸೊಟ್ಟಗಾಗುತ್ತೆ. ಎಷ್ಟು ಸೊಟ್ಟ ಅಂತ ನೋಡೋಕೆ ಅಣ್ಣ ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಒಂದು ಫೀಲರ್ ಗೇಜ್ ಕೈಗೆ ಕೊಟ್ರು. 0.05 ಮಿಲಿಮೀಟರ್ ಎಲೆಗಿಂತ ದಪ್ಪದ್ದು ತೂರಬಾರದು. ನಮ್ಮದರಲ್ಲಿ 0.12 ಸಲೀಸಾಗಿ ತೂರಿತು.

ಆ ಫೀಲರ್ ಗೇಜ್ ನೋಡಿ ಮೆಕ್ಯಾನಿಕಲ್‌ನವರಿಬ್ಬರ ಮುಖ ಸಣ್ಣದಾಯ್ತು. ಅಂಥದ್ದನ್ನ ಲ್ಯಾಬಿನಲ್ಲಿ ಹಿಡಿದಿದ್ವಿ. ಹಿಡಿದಿದ್ವಿ ಅಷ್ಟೇ, ರೀಡಿಂಗ್ ಬರೆದಿದ್ದು ಸೀನಿಯರ್ ರೆಕಾರ್ಡ್ ನೋಡಿ. ನಮ್ಮ ಬ್ಯಾಚಿನ ಅರ್ಧಕ್ಕರ್ಧ ಜನರ ರೀಡಿಂಗ್ ಎರಡನೇ ದಶಮಾಂಶದವರೆಗೂ ಒಂದೇ, ಯಾಕಂದ್ರೆ ಮೂಲ ರೆಕಾರ್ಡ್ ಒಂದೇ. ಇದನ್ನ ಹೀಗೆ ಅಚ್ಚು ಹಾಕಿ ಒಪ್ಪಿಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೆ ಓದ್ತಿರೋ ನೀವು ಯಾರು ಕಾಪಿ ಮಾಡಿಲ್ಲ, ಕೈ ಎತ್ತಿ ನೋಡೋಣ. ಲ್ಯಾಬಿನಲ್ಲಿ 0.12 ಅನ್ನೋದು ಒಂದು ಸಂಖ್ಯೆ. ಗ್ಯಾರೇಜಿನಲ್ಲಿ ಅದು ಲೇತ್‌ನವರ ಫೇಸಿಂಗ್ ಖರ್ಚು, ಹೊಸ ಗ್ಯಾಸ್ಕೆಟ್, ಹೊಸ ಎಣ್ಣೆ, ಕೂಲಿ, ಒಟ್ಟು 7,400 ರೂಪಾಯಿ. ಕಾರಿನ ಬೆಲೆಯ ಕಾಲು ಭಾಗಕ್ಕಿಂತ ಜಾಸ್ತಿ. ಎರಡು ತಿಂಗಳು ಕ್ಯಾಂಟೀನ್ ಕಡೆ ತಲೆ ಹಾಕಲಿಲ್ಲ. ಆ ಇಂಟರ್ನಲ್ಸ್‌ನಲ್ಲಿ ಬಂದ ಮಾರ್ಕ್ಸ್ ಇಲ್ಲಿ ಬೇಡ.

ಹೆಡ್ ಬೋಲ್ಟ್ ಬಿಗಿಯುವಾಗ ನಮ್ಮದೇ ವಯಸ್ಸಿನ ಗ್ಯಾರೇಜ್ ಹುಡುಗ ಜೊತೆಗಿದ್ದ. ಎಸ್ಸೆಸ್ಸೆಲ್ಸಿ ಆದಮೇಲೆ ಕೆಲಸಕ್ಕೆ ಸೇರಿದವನು. ನಡುವಿನ ಬೋಲ್ಟಿನಿಂದ ಶುರು ಮಾಡಿ ಹೊರಗಿನವಕ್ಕೆ ಹೋಗಬೇಕು, ಒಂದೇ ಸಲ ಪೂರ್ತಿ ಬಿಗೀಬಾರದು, ಎರಡು ಮೂರು ಸುತ್ತು ಬರಬೇಕು ಅಂತ ತೋರಿಸಿದ. ಯಾಕೆ ಅಂತ ನಾವು ಸ್ಟ್ರೆಸ್ ಡಿಸ್ಟ್ರಿಬ್ಯೂಷನ್ ಅದು ಇದು ಅಂತ ವಿವರಿಸಿದ್ವಿ. ಅವನು ಪೂರ್ತಿ ಕೇಳಿಸ್ಕೊಂಡು, “ನಿಮ್ಗೆ ಇದೆಲ್ಲ ಮೊದ್ಲೇ ಗೊತ್ತಿತ್ತಾ? ಮತ್ತೆ ಯಾಕೆ ನೀರು ನೋಡ್ಲಿಲ್ಲ?” ಅಂದ. ಅದರಲ್ಲಿ ಕೊಂಕು ಇರಲಿಲ್ಲ, ನಿಜವಾಗಿ ತಿಳ್ಕೊಳ್ಳೋಕೆ ಕೇಳಿದ. ನಮ್ಮ ಹತ್ರ ಉತ್ತರ ಇರಲಿಲ್ಲ. ನಾವು ಬೇಜಾರಾದ್ರೆ ಬಿಟ್ಟು ಹೋಗೋ ಹವ್ಯಾಸ ಅವನಿಗೆ ದಿನದ ಊಟ. ನಮಗೆ ನಾಲ್ಕು ವರ್ಷ ಓದೋ ಅವಕಾಶ ಸಿಕ್ಕಿದೆ, ಅವನಿಗೆ ಸಿಗಲಿಲ್ಲ. ಸಿಕ್ಕಿದ್ದನ್ನ ನಾವು ಕಾಪಿ ಹೊಡೆಯೋಕೆ ಬಳಸ್ತಿದ್ದೀವಿ ಅನ್ನೋದು ಆವತ್ತು ಚುಚ್ಚಿತು.

ಆದರೆ… ಅನ್ನೋರಿಗೆ

ಇಷ್ಟು ಹೇಳಿದ್ರೆ ಮೂರು ಆಕ್ಷೇಪ ಬರುತ್ತೆ. ನಮ್ಮ ರೂಮಿನಲ್ಲೇ ಬಂದಿವೆ.

ಒಂದು: ‘ಈಗಿನ ಕಾರೆಲ್ಲ ಕಂಪ್ಯೂಟರ್, ಮುಂದೆ ಎಲ್ಲ ಎಲೆಕ್ಟ್ರಿಕ್. ಕಾರ್ಬ್ಯುರೇಟರ್ ಕಲಿತು ಏನು ಮಾಡ್ತೀರ?’ ಸರಿ. ಕಾರ್ಬ್ಯುರೇಟರ್ ಮುಂದೆ ನಮಗೆ ಬೇಕಾಗಲ್ಲ. ಆದರೆ ಹೊಸ ಕಾರಿಗೆ ಸ್ಕ್ಯಾನರ್ ಹಾಕಿದ್ರೆ ಪಿ0301 ಅಂತ ಬಂತು ಅಂದ್ಕೊಳ್ಳಿ. ಒಂದನೇ ಸಿಲಿಂಡರ್ ಮಿಸ್ ಹೊಡೀತಿದೆ ಅಂತ ಅದರ ಅರ್ಥ. ಯಾಕೆ? ಪ್ಲಗ್ಗಾ, ಕಾಯಿಲ್ಲಾ, ಇಂಜೆಕ್ಟರಾ, ವಾಲ್ವ್ ಕೂರ್ತಿಲ್ವಾ? ಸ್ಕ್ಯಾನರ್ ಅದನ್ನ ಹೇಳಲ್ಲ. ಒಂದನೇ ಸಿಲಿಂಡರಿನ ಕಾಯಿಲ್ ತೆಗೆದು ಎರಡಕ್ಕೆ ಹಾಕಿ ನೋಡ್ಬೇಕು, ತೊಂದರೆ ಜೊತೆಗೆ ಹೋಯ್ತಾ ಅಲ್ಲೇ ಉಳೀತಾ ಅಂತ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾವು ಪ್ಲಗ್ಗು, ಕಾಯಿಲ್ಲು ಎಲ್ಲ ಊಹೆ ಮೇಲೆ ಕೊಂಡು ಹಾಕಿದ್ವಲ್ಲ, ಅದರ ಉಲ್ಟಾ. ಕೋಡ್ ಡಿಬಗ್ ಮಾಡೋದೂ ಹೀಗೇ ಅಂತ ಸಿಎಸ್‌ನವಳ ಸಾಕ್ಷಿ ಇದೆ. ಇನ್ನೊಂದು ಗೊತ್ತಾ? ಸೀನಿಯರ್‌ಗಳು ಲ್ಯಾಬಿನಲ್ಲಿ ಮಾಡೋ ಮೋರ್ಸ್ ಟೆಸ್ಟ್, ಒಂದೊಂದೇ ಸಿಲಿಂಡರ್ ಕಟ್ ಮಾಡಿ ಪವರ್ ಎಷ್ಟು ಇಳೀತು ಅಂತ ನೋಡೋದು, ಅದನ್ನ ಅಣ್ಣ ಡೈನಮೋಮೀಟರ್ ಇಲ್ಲದೆ, ಒಂದೊಂದೇ ಪ್ಲಗ್ ವೈರ್ ತೆಗೆದು ಕಿವಿಯಲ್ಲೇ ಮಾಡ್ತಾರೆ. ಯಾವುದನ್ನ ತೆಗೆದಾಗ ಶಬ್ದ ಬದಲಾಗಲ್ವೋ ಆ ಸಿಲಿಂಡರ್ ಕೆಲಸ ಮಾಡ್ತಿಲ್ಲ.

ಎರಡು: ‘ಹಾಗಾದ್ರೆ ಗ್ಯಾರೇಜಿನವರು ಹೇಳಿದ್ದೇ ವೇದವಾ?’ ಅಲ್ಲ. ಗಾಡಿ ಹೀಟ್ ಆದ ಮೇಲೆ ಅಣ್ಣ “ಥರ್ಮೋಸ್ಟಾಟ್ ತೆಗ್ದು ಬಿಸಾಕಿ, ತಣ್ಣಗಿರುತ್ತೆ” ಅಂದ್ರು. ತುಂಬಾ ಕಡೆ ಹೀಗೇ ಮಾಡ್ತಾರೆ. ಇಲ್ಲಿ ನಾವು ಜಗಳ ಆಡಿದ್ವಿ. ಅದನ್ನ ತೆಗೆದ್ರೆ ಎಂಜಿನ್ ಬೇಕಾದ ಬಿಸಿಗೆ ಬರೋಕೆ ತುಂಬಾ ಹೊತ್ತು ತಗೊಳ್ಳುತ್ತೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಸವೆತವೂ ಜಾಸ್ತಿ. ಹೊಸದನ್ನ ತಂದು, ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಥರ್ಮೋಸ್ಟಾಟ್ ಇಳಿಬಿಟ್ಟು, ಥರ್ಮಾಮೀಟರ್ ಹಿಡಿದು ಯಾವಾಗ ಬಾಯಿ ಬಿಡುತ್ತೆ ಅಂತ ಅಣ್ಣನ ಮುಂದೆಯೇ ತೋರಿಸಿದ್ವಿ. ಅಣ್ಣ ನೋಡಿ, “ಸರಿ, ಹಾಕಿ” ಅಂದ್ರು. ಪುಸ್ತಕ ಗೆದ್ದ ಒಂದೇ ದಿನ ಅದು. ಅದೂ ಗೆದ್ದಿದ್ದು ಪುಸ್ತಕವನ್ನ ಪಾತ್ರೆಗೆ ಇಳಿಸಿದ ಮೇಲೆ.

ಮೂರು: ‘ಅಪಾಯ.’ ಇದನ್ನ ನಾವು ಪೂರ್ತಿ ಒಪ್ತೀವಿ. ನಮ್ಮ ಕಾರಿಗೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಅಮ್ಮ ಅಪ್ಪನನ್ನ ಕೂರಿಸ್ಕೊಂಡು ಹೈವೇಲಿ ಓಡಿಸೋ ಕಾರು ಇದಲ್ಲ. ಅದಕ್ಕೆ ನಮ್ಮದೇ ಕೆಲವು ಕಟ್ಟಳೆ ಇವೆ. ಬರೀ ಜ್ಯಾಕ್ ಮೇಲೆ ನಿಂತ ಗಾಡಿ ಕೆಳಗೆ ಯಾರೂ ಹೋಗಬಾರದು. ಸ್ಟ್ಯಾಂಡ್ ಇರಲೇಬೇಕು, ಬಿಚ್ಚಿದ ಚಕ್ರವನ್ನೂ ಅಡಿಯಲ್ಲಿ ಮಲಗಿಸಿರಬೇಕು. ಬ್ರೇಕ್ ಕೆಲಸವನ್ನ ಅಣ್ಣನೇ ಮಾಡಬೇಕು, ನಾವು ಪಕ್ಕದಲ್ಲಿ ನಿಂತು ನೋಡಬೇಕು. ಬಿಸಿ ರೇಡಿಯೇಟರ್ ಮುಟ್ಟಬಾರದು. ಮತ್ತೆ, ಒಬ್ಬರು ‘ನಿಲ್ಸು’ ಅಂದ್ರೆ ವೋಟಿಲ್ಲದೆ ನಿಲ್ಲಿಸಬೇಕು. ಕೊನೆಯದು ಫೆಬ್ರವರಿಯ ನಂತರ ಸೇರಿಸಿದ್ದು.

ನಾವು ಕೇಳೋದು

ಎಲ್ಲರೂ ಹಳೇ ಕಾರು ಕೊಳ್ಳಿ ಅಂತ ನಾವು ಹೇಳಲ್ಲ. 7,000 ರೂಪಾಯಿ ಎಲ್ಲರ ಹತ್ರ ಇರಲ್ಲ, ಮೇಲಿಂದ ಮೇಲೆ ಸುರಿಯೋಕಂತೂ ಇರಲ್ಲ. ಆದರೆ ಕಾಲೇಜಿನ ಹತ್ರ ಇರುತ್ತೆ. ಗುಜರಿಗೆ ಹೋಗೋ ಒಂದು ಹಳೇ ಕಾರನ್ನ ವರ್ಕ್‌ಶಾಪಿನ ಮೂಲೆಗೆ ತನ್ನಿ. ರಸ್ತೆಗೆ ಬಿಡೋದು ಬೇಡ, ಸ್ಟಾರ್ಟ್ ಆದ್ರೆ ಸಾಕು. ಪ್ರತಿ ಬ್ಯಾಚ್ ಮುಂದಿನ ಬ್ಯಾಚಿಗಾಗಿ ಅದರಲ್ಲಿ ಒಂದು ತೊಂದರೆ ಬಚ್ಚಿಡಲಿ: ಒಂದು ಸಡಿಲ ಅರ್ತ್, ಒಂದು ಕಟ್ಟಿದ ಜೆಟ್, ಒಂದು ಹೆಚ್ಚುಕಮ್ಮಿ ಪ್ಲಗ್ ಗ್ಯಾಪ್. ಹುಡುಕೋ ಬ್ಯಾಚ್ ಅದನ್ನ ಹುಡುಕಲಿ. ರೆಕಾರ್ಡಿನಲ್ಲಿ ಬರೆಯಬೇಕಾದ್ದು ಇಷ್ಟೇ: ಮೊದಲು ಏನು ಊಹಿಸಿದ್ರಿ, ಅದು ತಪ್ಪು ಅಂತ ಹೇಗೆ ಗೊತ್ತಾಯ್ತು, ಆಮೇಲೆ ಏನು ನೋಡಿದ್ರಿ. ತಪ್ಪು ಊಹೆಗೂ ಮಾರ್ಕ್ಸ್ ಕೊಡಿ. ಈ ರೆಕಾರ್ಡನ್ನ ಸೀನಿಯರ್‌ದು ನೋಡಿ ಬರೆಯೋಕೆ ಆಗಲ್ಲ, ಸೀನಿಯರ್‌ಗೆ ಸಿಕ್ಕಿದ ತೊಂದರೆಯೇ ಬೇರೆ. ಸೆಮಿಸ್ಟರಿಗೆ ಒಂದು ದಿನ ಗ್ಯಾರೇಜಿನ ಅಣ್ಣನಂಥೋರನ್ನ ಕರೆಸಿ, ಮೇಷ್ಟ್ರುಗಳ ಪಕ್ಕ ಕುರ್ಚಿ ಹಾಕಿ ಕೂರಿಸಿ, ವೈವಾ ಅವರು ತಗೊಳ್ಳಲಿ. “ಹೆಂಗ್ ಶಬ್ದ ಬರ್ತೈತೆ?” ಅಂತ ಕನ್ನಡದಲ್ಲೇ ಕೇಳಲಿ. ಸಂಭಾವನೆ ಸರಿಯಾಗಿ ಕೊಡಿ, ಟೀ ಕುಡಿಸಿ ಕಳಿಸಬೇಡಿ.

ಇದನ್ನ ಬರೆದು ಎಚ್‌ಒಡಿಯವರಿಗೂ ಕೊಡ್ತಿದ್ದೀವಿ. ಆಗುತ್ತೋ ಇಲ್ವೋ ನೋಡೋಣ.

ಅಲ್ಲಿವರೆಗೆ ಹೊಂಗೆ ಮರದ ಕೆಳಗಿನದು ಇದೆ. ಶನಿವಾರ ಮಧ್ಯಾಹ್ನ ಮೂರರಿಂದ ಬಾನೆಟ್ ತೆಗೆದಿರುತ್ತೆ, ಯಾವ ಬ್ರಾಂಚಿನವರಾದ್ರೂ ಬನ್ನಿ. ಈಗ ಎರಡನೇ ಗೇರಿನಲ್ಲಿ ಮಾತ್ರ, ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಮಾತ್ರ, ‘ಗುಂಯ್ಯ್’ ಅಂತ ಒಂದು ಶಬ್ದ ಬರ್ತಿದೆ. ನೋಟ್‌ಬುಕ್ಕಿನಲ್ಲಿ ಇಪ್ಪತ್ತೇಳನೇದು. ಕಾರಣದ ಜಾಗ ಖಾಲಿ ಇದೆ. ಗಾಜಿನ ಮೇಲೆ ಬರೆದವರೂ ಬನ್ನಿ, ಒರೆಸೋ ಬಟ್ಟೆ ಕೊಡ್ತೀವಿ.